ದಂಡಿನ ಲೆಕ್ಕ

ನಮ್ಮ ಊರಿಗೆ ಮದ್ದೂರೆಂದು ಏಕೆ ಹೆಸರಾಯಿತೆಂದು ಕೇಳಿದರೆ, ಟಿಪ್ಪುಸುಲ್ತಾನನ ಕಾಲದಲ್ಲಿ ಇಲ್ಲಿ ಮದ್ದುಗುಂಡುಗಳ ಸಂಗ್ರಹವಿತ್ತು, ಅದರಿಂದ ಆ ಹೆಸರು ಎಂದು ಹೇಳುವವರುಂಟು. ಈ ವ್ಯುತ್ಪತ್ತಿ ಸರಿಯೆ ತಪ್ಪೆ ಎಂಬುದನ್ನು ಪಂಡಿತರಿಗೆ ಬಿಟ್ಟುಬಿಡುತ್ತೇನೆ. ಆದರೆ ಮದ್ದು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿರುವುದು ಮಾತ್ರ ನಿಜ. ಒಂದು ಜೀವವನ್ನು ಉಳಿಸತಕ್ಕದ್ದು, ಇನ್ನೊಂದು ತೆಗೆಯತಕ್ಕದ್ದು. ಎರಡನ್ನೂ ಅಳತೆಯರಿತು ಕೊಳ್ಳಬೇಕು. ಎರಡಕ್ಕೂ ಬೆಲೆ ಹೆಚ್ಚು. ಎರಡನ್ನೂ ಮಾರುವವನು ಎಷ್ಟು ಹೇಳಿದರೆ ಅಷ್ಟನ್ನು ಕೊಟ್ಟು ಬರುವುದೇ ವಾಡಿಕೆ. ರೋಗಿಯ ಮನೆಯಲ್ಲಿ ಯಾರು ಬೆಲೆ ಚೌಕಾಸಿ ಮಾಡುತ್ತಾರೆ?

ಈ ವಿಷಯ ನನ್ನ ಮನಸ್ಸನ್ನು ಹೊಕ್ಕದ್ದು ೨೦೨೦ರ ಫೆಬ್ರವರಿ ತಿಂಗಳಲ್ಲಿ. ನನ್ನ ತಮ್ಮನ ಮಗ ದಂಡಿನಲ್ಲಿದ್ದಾನೆ. ಲಡಾಖಿನ ಕಡೆ ಎರಡು ಚಳಿಗಾಲಗಳನ್ನು ಕಳೆದು ಆಗ ರಜದ ಮೇಲೆ ಊರಿಗೆ ಬಂದಿದ್ದ. ಬೆಳಗ್ಗೆ ಜಗುಲಿಯ ಮೇಲೆ ಕಾಫಿ ಕುಡಿಯುತ್ತ ನಾನು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಇದು ಮೂವತ್ತು ವರ್ಷ ಮೇಷ್ಟ್ರಾಗಿದ್ದವನ ದುರಭ್ಯಾಸ. ಮಹಾಲೇಖಪಾಲರ ವರದಿಯೊಂದನ್ನು ಪಾರ್ಲಿಮೆಂಟಿನ ಮುಂದೆ ಇಟ್ಟಿದ್ದರು. ಸಿಯಾಚಿನ್, ಲಡಾಖ್ ಮೊದಲಾದ ಎತ್ತರದ ಪ್ರದೇಶಗಳಲ್ಲಿರುವ ಸಿಪಾಯಿಗಳಿಗೆ ಹಿಮದ ಕನ್ನಡಕಗಳು ಸಾಲದೆ ಹೋದುವು. ೨೦೧೫ರ ನವೆಂಬರಿನಿಂದ ೨೦೧೬ರ ಸೆಪ್ಟೆಂಬರಿನವರೆಗೆ ಹೊಸ ಬೂಟುಗಳು ಸರಬರಾಜಾಗದೆ ಹಳೆಯವನ್ನೇ ರಿಪೇರಿಮಾಡಿ ಕೊಡಬೇಕಾಯಿತು. ಮಲಗುವ ಚೀಲಗಳೂ ಮುಖವಾಡಗಳೂ ಹಳೆಯ ಮಾದರಿಯವು. ಆಹಾರದಲ್ಲಿಯೂ ಕೊರತೆಯುಂಟಾಯಿತು ಎಂದು ಅದರಲ್ಲಿತ್ತು. ಆ ಕೊರತೆ ಹಳೆಯ ಮಾತು, ಈಗ ಎಲ್ಲವೂ ಸರಿಹೋಗಿದೆ ಎಂದು ಸೈನ್ಯದವರು ಉತ್ತರವನ್ನೂ ಕೊಟ್ಟಿದ್ದರು.

ಒಳಗೆ ಒಗ್ಗರಣೆಯ ಸದ್ದು ನಿಂತಿತು. ಹುಡುಗನ ತಾಯಿ ಬಾಗಿಲ ಬಳಿ ಬಂದು ನಿಂತಳು. ನಾನು ಹುಡುಗನ ಮುಖವನ್ನು ನೋಡಿದೆ. ಅವನು ಲೋಟವನ್ನು ಕೆಳಗಿಟ್ಟು, "ಅದನ್ನೆಲ್ಲ ಕೇಳಬೇಡಿ ದೊಡ್ಡಪ್ಪ" ಎಂದು ನಕ್ಕು ಎದ್ದುಹೋದ. ಅವನ ಬೂಟು ಹೇಗಿತ್ತೆಂದು ಅವನು ಹೇಳಲಿಲ್ಲ, ಇಂದಿನವರೆಗೂ ಹೇಳಿಲ್ಲ. ಅವನ ತಾಯಿ ಆ ದಿನ ಅವನು ಸ್ನಾನಕ್ಕೆ ಹೋದಾಗ ಅವನ ಕಾಲ್ಬೆರಳುಗಳನ್ನು ಎಣಿಸಿ ನೋಡಿದಳೆಂದು ನನ್ನ ಹೆಂಡತಿ ರಾತ್ರಿ ಹೇಳಿದಳು. ಹತ್ತೂ ಇದ್ದುವಂತೆ.

ಕೇಳಬಾರದೆ? ಈ ಪ್ರಶ್ನೆಯನ್ನೇ ನಾನು ಅಂದಿನಿಂದ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೇನೆ. ದೇಶಕ್ಕಾಗಿ ಪ್ರಾಣ ಕೊಡಲು ಸಿದ್ಧರಾದವರ ಹೆಸರಿನಲ್ಲಿ ಆಗುವ ಖರ್ಚನ್ನು ಕುರಿತು, ಮನೆಯಲ್ಲಿ ಬೆಚ್ಚಗೆ ಕುಳಿತವನು ಲೆಕ್ಕ ಕೇಳುವುದು ಅವಿನಯವಲ್ಲವೆ ಎಂದು ಒಂದು ಮನಸ್ಸು ಹೇಳುತ್ತದೆ. ಅದಕ್ಕೆ ಉತ್ತರವಾಗಿ ಇನ್ನೊಂದು ಮನಸ್ಸು ನನ್ನ ತಾತನನ್ನು ಕರೆತಂದು ಮುಂದೆ ನಿಲ್ಲಿಸುತ್ತದೆ.

ನಮ್ಮ ತಾತ ಈ ತಾಲ್ಲೂಕಿನ ಒಂದು ಗ್ರಾಮದ ಶಾನುಭೋಗರು. ವರ್ಷಕ್ಕೊಮ್ಮೆ ಜಾತ್ರೆ ಮುಗಿದ ಮೇಲೆ, ದೇವಸ್ಥಾನದ ಕೈಸಾಲೆಯಲ್ಲಿ ಊರವರನ್ನೆಲ್ಲ ಕೂಡಿಸಿ, ಆ ವರ್ಷದ ಜಮಾಖರ್ಚನ್ನು ಓದುವುದು ಅಲ್ಲಿಯ ಕಟ್ಟಳೆ. ನಾನು ಎಂಟೊಂಬತ್ತು ವರ್ಷದವನಾಗಿದ್ದಾಗ ಒಂದು ಸಲ ತಾತನ ಪಕ್ಕದಲ್ಲಿ ಲಾಂದ್ರ ಹಿಡಿದುಕೊಂಡು ಕುಳಿತಿದ್ದೆ. ತಾತ ರಾಗವಾಗಿ ಓದುತ್ತಿದ್ದರು: ಅಕ್ಕಿ ಇಷ್ಟು, ಬೆಲ್ಲ ಇಷ್ಟು, ನಂದಾದೀಪಕ್ಕೆ ಎಣ್ಣೆ ಇಷ್ಟು. ಗಂಡಸರು ತೂಕಡಿಸುತ್ತಿದ್ದರು. ಕಂಬದ ಹಿಂದಿನಿಂದ ಒಬ್ಬ ಮುದುಕಿ, ಗುಡಿಯ ಅಂಗಳ ಗುಡಿಸುವವಳು, "ದೀಪ ಎಂಟು ಗಂಟೆಗೇ ಆರೋಯ್ತದೆ. ಲೆಕ್ಕದಲ್ಲಿರೋ ಎಣ್ಣೆ ಗುಡೀಲಿ ಯಾಕಿಲ್ಲ ಬುದ್ಧೀ?" ಎಂದಳು.

ಸಭೆ ಎಚ್ಚೆತ್ತಿತು. ಒಬ್ಬ ಯಜಮಾನರು ಕೆರಳಿ, "ದೇವರ ಲೆಕ್ಕದಲ್ಲಿ ಅನುಮಾನ ಪಡುತ್ತೀಯಾ?" ಎಂದು ಗದರಿಸಿದರು. ತಾತ ಕೈಯೆತ್ತಿ ಅವರನ್ನು ತಡೆದು, "ದೇವರ ಲೆಕ್ಕವೆಂದಮೇಲೆ ಇನ್ನೂ ಚೊಕ್ಕವಾಗಿರಬೇಕು. ದೇವರು ಎದ್ದುಬಂದು ಕೇಳುವಂತಿಲ್ಲ, ಅವಳು ಕೇಳಿದಳು" ಎಂದರು. ಎಣ್ಣೆ ತರುತ್ತಿದ್ದವನನ್ನು ಮರುದಿನ ಕರೆಸಿದರು. ಆಮೇಲೆ ಏನಾಯಿತೋ ನನಗೆ ತಿಳಿಯದು. ಆದರೆ ಆ ವರ್ಷ ದೀಪ ಬೆಳಗಿನವರೆಗೂ ಉರಿಯಿತೆಂದು ಬಲ್ಲೆ. ನಸುಕಿನಲ್ಲಿ ಕೆರೆಗೆ ಹೋಗುವಾಗ ನೋಡುತ್ತಿದ್ದೆ.

ನಮ್ಮ ಸೀಮೆಯ ಜನ ದಂಡಿಗಾಗಿ ಹಣ ಕೊಡುವುದನ್ನು ಹೊಸದಾಗಿ ಕಲಿತವರಲ್ಲ. ೧೭೯೧ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾಲದಲ್ಲಿ ಮದ್ದೂರಿನ ಕೋಟೆ ಹಾಳಾಯಿತು. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಹಣ ಸಲ್ಲುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ೧೭೯೯ರಲ್ಲಿ ಅವನು ಮಡಿದ ಮೇಲೆ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿತು. ಆದರೆ ಅದರ ರಕ್ಷಣೆಗಾಗಿ ಕಂಪೆನಿಯ ಸೈನ್ಯವಿರತಕ್ಕದ್ದೆಂದೂ, ಅದಕ್ಕೆ ಮೈಸೂರು ವರ್ಷಂಪ್ರತಿ ಏಳು ಲಕ್ಷ ವರಹ, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಪೊಗದಿ ಕೊಡತಕ್ಕದ್ದೆಂದೂ ಒಡಂಬಡಿಕೆಯಾಯಿತು. ೧೮೦೭ರಲ್ಲಿ ಇದರ ಜೊತೆಗೆ ನಾಲ್ಕು ಸಾವಿರ ಕುದುರೆಯ ದಂಡನ್ನು ಸಾಕುವ ಹೊಣೆಯೂ ಬಂದಿತು. ೧೮೩೧ರಲ್ಲಿ ನಗರದ ದಂಗೆಯನ್ನೂ, ಪೊಗದಿಯ ಹಣಕ್ಕೆ ಭದ್ರತೆಯಿಲ್ಲವೆಂಬುದನ್ನೂ ಮುಂದೊಡ್ಡಿ ರಾಜ್ಯವನ್ನೇ ಕಂಪೆನಿಯವರು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ೧೮೮೧ರಲ್ಲಿ ಅದನ್ನು ಹಿಂದಕ್ಕೆ ಕೊಡುವಾಗ ಪೊಗದಿಯನ್ನು ಮೂವತ್ತೈದು ಲಕ್ಷಕ್ಕೆ ಏರಿಸಿದರು. ೧೮೭೬ರಿಂದ ೭೮ರವರೆಗಿನ ಮಹಾಕ್ಷಾಮದಲ್ಲಿ ನಾಡು ಬರಿದಾಗಿದ್ದುದರಿಂದ ಹೆಚ್ಚುವರಿ ಹಣವನ್ನು ಕೆಲವು ವರ್ಷ ತಡೆಹಿಡಿದು, ೧೮೯೬ರಿಂದ ವಸೂಲುಮಾಡತೊಡಗಿದರು. ೧೯೨೭ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ರಜತ ಮಹೋತ್ಸವದ ವರ್ಷದಲ್ಲಿ, ವೈಸರಾಯ್ ಇರ್ವಿನ್ನರು ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟರು. ಅವರ ಹೆಸರನ್ನೇ ಹೊತ್ತಿದ್ದ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ನಮ್ಮ ಜಿಲ್ಲೆಯ ಗದ್ದೆಗಳಿಗೆ ನೀರುಣಿಸುತ್ತದೆ.

ರಾಜ್ಯವನ್ನು ಹಿಂದಕ್ಕೆ ಕೊಟ್ಟ ಕಾಲದಲ್ಲಿ ಮೈಸೂರಿನ ಒಟ್ಟು ವರಮಾನ ಒಂದು ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ಹಾಗೆಂದರೆ ರೈತನು ಕೊಟ್ಟ ನಾಲ್ಕು ರೂಪಾಯಿಯಲ್ಲಿ ಸುಮಾರು ಒಂದು ರೂಪಾಯಿ ಅವನು ಕರೆಸದ, ಅವನ ಮಾತು ಕೇಳದ ಒಂದು ಸೈನ್ಯಕ್ಕೆ ಹೋಗುತ್ತಿತ್ತು. ಅದೇ ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ರೈತರೂ ವರ್ತಕರೂ ಬಂದು ಕೆರೆ ಕಟ್ಟೆ, ಕಂದಾಯ, ಕಾಡುಗಳ ವಿಷಯವನ್ನು ಹೇಳಿಕೊಂಡರು. ಹೇಳಿಕೊಳ್ಳುವುದೇ ಅಂದಿಗೆ ದೊಡ್ಡ ಮಾತು. ಆದರೆ ಪೊಗದಿಯು ಒಡಂಬಡಿಕೆಗೆ ಸೇರಿದ್ದು. ಒಡಂಬಡಿಕೆಯ ವಿಷಯ ಸಭೆಯ ಅಧಿಕಾರದ ಆಚೆಯದು. ಸೇತುವೆಯ ಕಲ್ಲಿಗೆ ಎಷ್ಟಾಯಿತೆಂದು ಕೇಳಬಹುದಾಗಿತ್ತು; ಆ ಇಪ್ಪತ್ತನಾಲ್ಕೂವರೆ ಲಕ್ಷದಲ್ಲಿ ಎಷ್ಟು ಸಿಪಾಯಿಗೆ, ಎಷ್ಟು ಸಾಹೇಬನಿಗೆ ಎಂದು ಕೇಳುವಂತಿರಲಿಲ್ಲ.

ನಮ್ಮ ಊರಿಗೆ ಸಮೀಪದಲ್ಲಿ, ಶಿಂಷಾ ನದಿಯ ಮಗ್ಗುಲಲ್ಲಿರುವ ಶಿವಪುರದಲ್ಲಿ ೧೯೩೮ರ ಏಪ್ರಿಲ್ ತಿಂಗಳಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿ, ನಿಷೇಧವನ್ನು ಮೀರಿ ಧ್ವಜವನ್ನೇರಿಸಿದ ಸಂಗತಿಯನ್ನು ಈ ಪ್ರಾಂತದಲ್ಲಿ ಅರಿಯದವರಿಲ್ಲ. ನಾವು ಆ ಧ್ವಜವನ್ನು ನೆನೆಯುತ್ತೇವೆ. ಅಂದಿನವರು ಬೇಡಿದ್ದೇನೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಅವರು ಬೇಡಿದ್ದು ಜವಾಬ್ದಾರಿ ಸರ್ಕಾರ. ಜವಾಬು ಎಂದರೆ ಉತ್ತರ. ಪ್ರಜೆ ಕೇಳಿದರೆ ಉತ್ತರ ಕೊಡಬೇಕಾದ ಸರ್ಕಾರವೆಂದು ಅದರ ಅರ್ಥ. ೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲದೊಡನೆ ಅದು ಮೈಸೂರಿಗೆ ಬಂದಿತು. ೧೯೫೦ರ ಸಂವಿಧಾನವು ದೇಶಕ್ಕೆಲ್ಲ ಆ ಹಕ್ಕನ್ನು ಬರೆದುಕೊಟ್ಟಿತು. ಪಾರ್ಲಿಮೆಂಟಿನ ಅನುಮತಿಯಿಲ್ಲದೆ ಬೊಕ್ಕಸದಿಂದ ಒಂದು ಕಾಸೂ ಹೊರಡಕೂಡದು. ಹೊರಟ ಕಾಸನ್ನು ಮಹಾಲೇಖಪಾಲರು ಪರಿಶೋಧಿಸಬೇಕು. ಅವರ ವರದಿ ಸಭೆಯ ಮುಂದೆ ಬರಬೇಕು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ವಿಚಾರಿಸಬೇಕು. ದಂಡಿನ ಹಣಕ್ಕೂ ಇದೇ ಕಟ್ಟಳೆ. ೧೯೬೭ರಿಂದ ಆ ಸಮಿತಿಯ ಅಧ್ಯಕ್ಷರು ವಿರೋಧಪಕ್ಷದವರಾಗಿರುವ ಸಂಪ್ರದಾಯವಿದೆ. ೧೯೯೩ರಿಂದ ರಕ್ಷಣಾ ವಿಷಯಕ್ಕೇ ಮೀಸಲಾದ ಸ್ಥಾಯಿಸಮಿತಿಯೊಂದಿದೆ. ಕೈಸಾಲೆಯಲ್ಲಿ ತಾತ ಮಾಡಿದ ಕೆಲಸವೇ ಇದು. ಲಾಂದ್ರ ಮಾತ್ರ ದೊಡ್ಡದು.

ಲೆಕ್ಕವೂ ದೊಡ್ಡದು. ೨೦೨೫-೨೬ರ ಆಯವ್ಯಯದಲ್ಲಿ ರಕ್ಷಣೆಗೆಂದು ತೆಗೆದಿಟ್ಟದ್ದು ೬ ಲಕ್ಷದ ೮೧ ಸಾವಿರ ಕೋಟಿ ರೂಪಾಯಿ. ಕೇಂದ್ರ ಸರ್ಕಾರದ ವೆಚ್ಚದಲ್ಲಿ ನೂರಕ್ಕೆ ಹದಿಮೂರು ರೂಪಾಯಿಗೆ ಮೇಲೆ. ಇದರಲ್ಲಿ ಸುಮಾರು ೧ ಲಕ್ಷದ ೬೦ ಸಾವಿರ ಕೋಟಿ ನಿವೃತ್ತರ ಪಿಂಚಣಿಗೆ. ಸುಮಾರು ೧ ಲಕ್ಷದ ೮೦ ಸಾವಿರ ಕೋಟಿ ಹೊಸ ಆಯುಧ, ವಿಮಾನ, ಹಡಗುಗಳೇ ಮೊದಲಾದುವಕ್ಕೆ. ಹೆಚ್ಚೆಂದು ನಾನು ಹೇಳುತ್ತಿಲ್ಲ. ಗಡಿಯ ಸ್ಥಿತಿಯನ್ನು ಬಲ್ಲವರು ಕಡಿಮೆಯೆಂದೂ ಹೇಳಬಹುದು. ಆದರೆ ಇಷ್ಟು ಹಣದ ಬೇಡಿಕೆಗಳು ಚರ್ಚೆಗೆ ಬಾರದೆ, ಅವಧಿ ಮುಗಿಯಿತೆಂದು ಉಳಿದೆಲ್ಲ ಬೇಡಿಕೆಗಳೊಡನೆ ಒಟ್ಟಾಗಿ ಮತಕ್ಕೆ ಬಿದ್ದು ಅಂಗೀಕೃತವಾದ ವರ್ಷಗಳುಂಟೆಂಬುದನ್ನು ಓದಿದಾಗ, ಕೈಸಾಲೆಯಲ್ಲಿ ತೂಕಡಿಸುತ್ತಿದ್ದ ಗಂಡಸರ ನೆನಪಾಗುತ್ತದೆ.

ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಸ್ವತಂತ್ರ ಭಾರತದ ಮೊದಲ ಪುಟದಲ್ಲಿಯೇ ಉದಾಹರಣೆಯಿದೆ. ೧೯೪೮ರಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ಸೈನ್ಯಕ್ಕೆ ತುರ್ತಾಗಿ ಜೀಪುಗಳು ಬೇಕಾದುವು. ಲಂಡನ್ನಿನಲ್ಲಿದ್ದ ನಮ್ಮ ಹೈಕಮಿಷನರು ವಿ. ಕೆ. ಕೃಷ್ಣ ಮೆನನ್ನರು ನಿಯಮಗಳನ್ನು ಬದಿಗಿಟ್ಟು ಸುಮಾರು ಎಂಬತ್ತು ಲಕ್ಷ ರೂಪಾಯಿಗಳ ಕರಾರು ಮಾಡಿಕೊಂಡರು. ಹಣದ ಬಹುಭಾಗ ಮುಂಗಡವಾಗಿ ಹೋಯಿತು. ಬಂದ ಜೀಪುಗಳು ೧೫೫. ವಿಚಾರಣೆಯ ಮಾತು ಹಲವು ವರ್ಷ ನಡೆದು, ೧೯೫೫ರಲ್ಲಿ ಸರ್ಕಾರವು ಈ ಪ್ರಕರಣ ಮುಗಿಯಿತೆಂದು ಸಾರಿತು. ತುರ್ತು ಎಂಬ ಮಾತು ಎಷ್ಟು ಬಾಗಿಲುಗಳನ್ನು ತೆರೆಯುತ್ತದೆ ನೋಡಿ. ಮದುವೆಯ ಮನೆಯಲ್ಲಿ ಕೊನೆಯ ಗಳಿಗೆಯ ತರಕಾರಿ ಎರಡರಷ್ಟು ಬೆಲೆಗೆ ಬರುತ್ತದಲ್ಲ, ಹಾಗೆ.

ಬೋಫೋರ್ಸ್ ಫಿರಂಗಿಯ ಕಥೆ ಇನ್ನೂ ವಿಚಾರಕ್ಕೆ ತಕ್ಕದ್ದು. ೧೯೮೬ರ ಮಾರ್ಚಿಯಲ್ಲಿ ೪೧೦ ಫಿರಂಗಿಗಳಿಗಾಗಿ ಸುಮಾರು ೧,೪೩೭ ಕೋಟಿ ರೂಪಾಯಿಗಳ ಕರಾರಾಯಿತು. ಮರುವರ್ಷ ಸ್ವೀಡನ್ ದೇಶದ ರೇಡಿಯೋ, ಇದರಲ್ಲಿ ಲಂಚ ಸಂದಿದೆಯೆಂದು ಸಾರಿತು. ನಮ್ಮವರೇ ಆದ ಬಿ. ಶಂಕರಾನಂದರ ಅಧ್ಯಕ್ಷತೆಯಲ್ಲಿ ಪಾರ್ಲಿಮೆಂಟಿನ ಸಮಿತಿ ಕುಳಿತಿತು. ೧೯೮೯ರಲ್ಲಿ ಮಹಾಲೇಖಪಾಲರಾಗಿದ್ದ ಟಿ. ಎನ್. ಚತುರ್ವೇದಿಯವರ ವರದಿಯು ಆ ಖರೀದಿಯ ಕ್ರಮದಲ್ಲಿದ್ದ ಲೋಪಗಳನ್ನು ಎತ್ತಿತೋರಿಸಿತು. ಇವರೇ ಮುಂದೆ ನಮ್ಮ ರಾಜ್ಯದ ರಾಜ್ಯಪಾಲರಾಗಿ ಬಂದರು. ನ್ಯಾಯಾಲಯಗಳಲ್ಲಿ ಮೊಕದ್ದಮೆ ಹದಿನೈದು ವರ್ಷಕ್ಕೂ ಮೇಲೆ ನಡೆದು ಕಡೆಗೆ ಬಿದ್ದುಹೋಯಿತು. ಆದರೆ ೧೯೯೯ರಲ್ಲಿ ಕಾರ್ಗಿಲ್ ಬೆಟ್ಟಗಳಲ್ಲಿ ಆ ಫಿರಂಗಿಗಳೇ ನಮ್ಮ ಕೈಹಿಡಿದುವು. ಫಿರಂಗಿ ಒಳ್ಳೆಯದಾಗಿದ್ದರೂ ಲೆಕ್ಕ ಕೆಟ್ಟದಾಗಿರಬಹುದು. ಆಯುಧದ ಗುಣವನ್ನು ಹೊಗಳಿ ಲೆಕ್ಕದ ಪ್ರಶ್ನೆಯನ್ನು ಮುಚ್ಚುವುದಾಗಲಿ, ಲೆಕ್ಕದ ದೋಷದಿಂದ ಆಯುಧವನ್ನು ಹಳಿಯುವುದಾಗಲಿ ಎರಡೂ ತಪ್ಪು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಗದ್ದಲದ ಭಯದಿಂದ ಮುಂದಿನ ಮೂವತ್ತು ವರ್ಷ ಸೈನ್ಯಕ್ಕೆ ಅಂತಹ ಹೊಸ ಫಿರಂಗಿಯನ್ನು ಕೊಳ್ಳಲು ಯಾರಿಗೂ ಧೈರ್ಯ ಬರಲಿಲ್ಲ. ಮೊದಲೇ ಬೆಳಕಿನಲ್ಲಿ ನಡೆದಿದ್ದರೆ ಈ ಭಯಕ್ಕೆ ಎಡೆಯೆಲ್ಲಿರುತ್ತಿತ್ತು?

ಇಲ್ಲಿ ಒಂದು ಆಕ್ಷೇಪಣೆಯಿದೆ, ಅದು ಹಗುರವಾದುದಲ್ಲ. ೨೦೧೭ರ ಜುಲೈಯಲ್ಲಿ ಮಹಾಲೇಖಪಾಲರು, ಸೈನ್ಯದಲ್ಲಿರಬೇಕಾದ ಮದ್ದುಗುಂಡುಗಳ ಬಗೆಗಳಲ್ಲಿ ನೂರಕ್ಕೆ ನಲವತ್ತರಷ್ಟು ಹತ್ತು ದಿನದ ಯುದ್ಧಕ್ಕೂ ಸಾಲವು ಎಂದು ವರದಿಮಾಡಿದರು. ಗಡಿಯಲ್ಲಿ ಚೀನದೊಡನೆ ಮುಖಾಮುಖಿ ನಡೆಯುತ್ತಿದ್ದ ಕಾಲ ಅದು. ಮನೆಯಲ್ಲಿ ಅಕ್ಕಿ ಮುಗಿದಿದೆಯೆಂದು ಬೀದಿಯಲ್ಲಿ ಡಂಗುರ ಹೊಡೆಯಬಹುದೆ, ಶತ್ರು ಕೇಳಿಸಿಕೊಳ್ಳುವುದಿಲ್ಲವೆ ಎಂದು ಅನೇಕರು ಕೇಳಿದರು. ೨೦೧೯ರಲ್ಲಿ ರಫೇಲ್ ವಿಮಾನಗಳ ಖರೀದಿಯ ವರದಿಯಲ್ಲಿ ಬೆಲೆಯ ಅಂಕಿಗಳನ್ನು ಅಳಿಸಿಯೇ ಪ್ರಕಟಿಸಿದ್ದಕ್ಕೂ ಇಂಥದೇ ಕಾರಣವನ್ನು ಕೊಟ್ಟರು. ನನಗೆ ತೋರುವುದಿಷ್ಟು. ಯಾವ ಗುಂಡು ಎಲ್ಲಿದೆ, ಯಾವ ದಂಡು ಯಾವಾಗ ಎತ್ತ ನಡೆಯುತ್ತದೆ ಎಂಬುದು ಗುಟ್ಟು. ಅದು ಗುಟ್ಟಾಗಿಯೇ ಇರಲಿ. ಯಾರಿಂದ ಕೊಂಡಿರಿ, ಎಷ್ಟು ಜನ ಬೆಲೆ ಹೇಳಿದರು, ನಿಯಮವನ್ನು ಮುರಿದದ್ದೇಕೆ, ತರಿಸಿದ ಸಾಮಾನು ಬಂದಿತೆ, ಬಂದದ್ದು ಸಿಪಾಯಿಯ ಕಾಲಿಗೆ ಸೇರಿತೆ ಎಂಬುದು ಗುಟ್ಟಲ್ಲ. ಬಯಲಿಗೆ ಹೇಳಲಾಗದ್ದನ್ನು ಬಾಗಿಲು ಮುಚ್ಚಿ ಸಮಿತಿಗಾದರೂ ಹೇಳಬೇಕು. ಯಾರಿಗೂ ಹೇಳದೆ ಉಳಿದದ್ದು ಗುಟ್ಟಾಗಿ ಉಳಿಯುವುದಿಲ್ಲ, ಕೊಳೆಯುತ್ತದೆ.

ಯುದ್ಧಕಾಲದಲ್ಲಿ ಕೇಳಿದರೆ ದೇಶ ಸೋಲುತ್ತದೆಯೆಂಬ ಮಾತಿಗೂ ಚರಿತ್ರೆಯ ಆಧಾರವಿಲ್ಲ. ಕ್ರಿಮಿಯಾ ಯುದ್ಧದಲ್ಲಿ ಇಂಗ್ಲೆಂಡು ತನ್ನ ಸಿಪಾಯಿಗಳಿಗೆ ಹುರಿಯದ ಹಸಿರು ಕಾಫಿಬೀಜವನ್ನು ಕಳುಹಿಸಿಕೊಟ್ಟಿತು. ಹುರಿಯಲು ಬೆಂಕಿಯಿಲ್ಲದ ಚಳಿಯಲ್ಲಿ ಅದನ್ನು ಏನುಮಾಡಬೇಕು? ನಮ್ಮ ಮನೆಗಳ ಗೃಹಿಣಿಯರು ಈ ಒಂದು ಸಂಗತಿಯಿಂದಲೇ ಆ ಆಡಳಿತವನ್ನು ಅಳೆದುಬಿಡುತ್ತಾರೆ. ೧೮೫೫ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಪಾರ್ಲಿಮೆಂಟು ವಿಚಾರಣಾ ಸಮಿತಿಯನ್ನು ಬೇಡಿ ಮಂತ್ರಿಮಂಡಲವನ್ನು ಬೀಳಿಸಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೆನೆಟ್ ಸಭೆಯು ೧೯೪೧ರಿಂದಲೇ ಟ್ರೂಮನ್ನರ ಅಧ್ಯಕ್ಷತೆಯಲ್ಲಿ ಯುದ್ಧದ ಖರ್ಚನ್ನು ವಿಚಾರಿಸುವ ಸಮಿತಿಯನ್ನಿಟ್ಟಿತ್ತು. ಇಂಗ್ಲೆಂಡೂ ಸೋಲಲಿಲ್ಲ, ಅಮೆರಿಕವೂ ಸೋಲಲಿಲ್ಲ. ನಮ್ಮ ಹಿಂದಿನವರೂ ಈ ವಿಷಯದಲ್ಲಿ ಮುಗ್ಧರಾಗಿರಲಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಹೊರತೆಗೆದು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ರಾಜನ ಹಣವನ್ನು ಅಧಿಕಾರಿಗಳು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಪ್ಪೊಂದನ್ನು ಮರೆಮಾಡುವುದು ನ್ಯಾಯವಲ್ಲ. ಹಲವು ವರ್ಷಗಳ ಹಿಂದೆ ಒಂದು ಸಣ್ಣ ಸಂಘದ ಲೆಕ್ಕವನ್ನು ನೋಡಿ ರುಜುಮಾಡುವ ಕೆಲಸವನ್ನು ನನಗೆ ವಹಿಸಿದ್ದರು. ಕಾರ್ಯದರ್ಶಿಗಳು ನನಗಿಂತ ಹಿರಿಯರು, ಸಜ್ಜನರು, ನನ್ನ ಮಗಳ ಮದುವೆಗೆ ಓಡಾಡಿದವರು. ಎರಡು ರಸೀತಿಗಳು ಇರಲಿಲ್ಲ. ಕೇಳಿದರೆ ಅವರು ಏನೆಂದುಕೊಂಡಾರೋ ಎಂದು ಕೇಳದೆ ರುಜು ಹಾಕಿದೆ. ಹಣ ಹೆಚ್ಚಿನದಲ್ಲ, ಅವರು ತಿಂದರೆಂದೂ ನಾನು ಹೇಳಲಾರೆ. ಆದರೆ ಮುಂದೆ ಸಂಘದಲ್ಲಿ ಜಗಳವೆದ್ದಾಗ ಆ ಸಜ್ಜನರ ಹೆಸರು ಕೆಟ್ಟಿತು. ಅಂದು ಕೇಳಿದ್ದರೆ ಅವರು ರಸೀತಿಯನ್ನು ಹುಡುಕಿ ಕೊಡುತ್ತಿದ್ದರೋ ಏನೋ. ಅವರ ಮಾನ ಉಳಿಯುತ್ತಿತ್ತು. ನನ್ನ ದಾಕ್ಷಿಣ್ಯದಿಂದ ಅವರಿಗೆ ಉಪಕಾರವಾಗಲಿಲ್ಲ, ಅಪಕಾರವಾಯಿತು. ನಮ್ಮ ದೇಶದಲ್ಲಿ ಕಳ್ಳತನದಿಂದ ಕೆಟ್ಟ ಲೆಕ್ಕಗಳಿಗಿಂತ ದಾಕ್ಷಿಣ್ಯದಿಂದ ಕೆಟ್ಟ ಲೆಕ್ಕಗಳೇ ಹೆಚ್ಚೆಂದು ನನಗೆ ಅಂದಿನಿಂದ ತೋರಿದೆ. ದಂಡಿನ ವಿಷಯದಲ್ಲಿ ಆ ದಾಕ್ಷಿಣ್ಯ ಭಕ್ತಿಯ ವೇಷವನ್ನು ಧರಿಸುತ್ತದೆ.

ಹುಡುಗನ ರಜ ಮುಗಿಯಿತು. ಮದ್ದೂರು ರೈಲ್ವೆ ನಿಲ್ದಾಣಕ್ಕೆ ಅವನನ್ನು ಕಳುಹಿಸಲು ನಾನೂ ಹೋದೆ. ಅವನ ತಾಯಿ ಚಕ್ಕುಲಿ, ಮದ್ದೂರುವಡೆಗಳನ್ನು ಡಬ್ಬಿಗಳಲ್ಲಿ ತುಂಬಿ, ಅದರ ಮೇಲೆ ತಾನೇ ಹೆಣೆದ ಎರಡು ಜೊತೆ ಉಣ್ಣೆಯ ಕಾಲುಚೀಲಗಳನ್ನು ಇಟ್ಟಿದ್ದಳು. ರೈಲು ಬರುವುದಕ್ಕೆ ಸ್ವಲ್ಪ ಹೊತ್ತಿತ್ತು. ನಾನು ತಡೆಯಲಾರದೆ, "ಅಂದು ಕೇಳಬೇಡಿ ಎಂದೆಯಲ್ಲ, ನಾನು ಕೇಳಿದ್ದು ನಿನಗೆ ಬೇಸರವಾಯಿತೇನಪ್ಪ?" ಎಂದೆ.

ಅವನು ಕಂಬಿಯನ್ನು ನೋಡುತ್ತ, "ಅಮ್ಮನ ಮುಂದೆ ಕೇಳಬೇಡಿ ಅಂದೆ ದೊಡ್ಡಪ್ಪ. ನಾವು ಕೇಳೋ ಹಾಗಿಲ್ಲ, ಕೊಟ್ಟಿದ್ದನ್ನು ಹಾಕ್ಕೊಂಡು ನಿಲ್ಲೋದೇ ನಮ್ಮ ಕೆಲಸ. ಕೇಳಬೇಕಾದವರು ನೀವೇ" ಎಂದ.

ರೈಲು ಬಂದಿತು. ಅವನು ನನ್ನ ಕಾಲುಮುಟ್ಟಿ ನಮಸ್ಕರಿಸಿ ಹತ್ತಿದ. ಮನೆಗೆ ಬಂದು ಆ ದಿನದ ಪತ್ರಿಕೆಯನ್ನು ಹುಡುಕಿದೆ. ನನ್ನ ಹೆಂಡತಿ ಅದನ್ನು ಅಡಿಗೆಮನೆಯ ಗೂಡಿಗೆ ಹಾಸಿಬಿಟ್ಟಿದ್ದಳು. ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಆ ಹಾಳೆಯನ್ನು ತೆಗೆದು, ಮಡಿಸಿ, ತಾತನ ಹಳೆಯ ಲೆಕ್ಕದ ಪುಸ್ತಕದೊಳಗೆ ಇಟ್ಟಿದ್ದೇನೆ. ನಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಒಂದು ಕಾಗದವನ್ನೂ ಬರೆದೆ: ಬೂಟಿನ ಆ ಮಾತು ಈಗ ಎಲ್ಲಿಗೆ ಬಂದಿದೆಯೆಂದು ದಯವಿಟ್ಟು ಕೇಳಿ ತಿಳಿಸಬೇಕು ಎಂದು. ಉತ್ತರ ಬಂದಿಲ್ಲ. ಇನ್ನೊಂದು ಬರೆಯುವವನಿದ್ದೇನೆ.